ಹೆರಿಗೆ ರಜೆ ಜಾಸ್ತಿ ಕೊಟ್ಟರೆ ಹೆಣ್ಣುಮಕ್ಕಳಿಗೆ ಕೆಲಸ ಸಿಗುವುದಿಲ್ಲವೇ?

‘ಆರು ತಿಂಗಳು ಸಂಬಳ ಕೊಟ್ಟು ಮನೇಲಿ ಕೂರಿಸಬೇಕು ಅಂದ್ರೆ ಹೆಣ್ಣುಮಕ್ಕಳನ್ನ ಯಾರು ಕೆಲಸಕ್ಕೆ ತಗೋತಾರೆ?’ ಈ ಮಾತನ್ನು ನೀವು ಎಲ್ಲಾದರೂ ಕೇಳಿರುತ್ತೀರಿ. 2017ರಲ್ಲಿ ಸಂಬಳ ಸಹಿತ ಹೆರಿಗೆ ರಜೆ 12 ವಾರಗಳಿಂದ 26 ವಾರಗಳಿಗೆ ಏರಿದ ಮೇಲೆ ಆಫೀಸಿನ ಕ್ಯಾಂಟೀನಿನಿಂದ ಹಿಡಿದು ಮದುವೆ ಮನೆಯ ಊಟದ ಪಂಕ್ತಿಯವರೆಗೆ ಇದು ಓಡಾಡುತ್ತಿದೆ. ಹೇಳುವವರೆಲ್ಲ ಹೆಣ್ಣುಮಕ್ಕಳ ವಿರೋಧಿಗಳೇನಲ್ಲ. ಹತ್ತು ಹನ್ನೆರಡು ಜನರನ್ನಿಟ್ಟುಕೊಂಡು ಕಷ್ಟಪಟ್ಟು ಕಂಪನಿ ನಡೆಸುವವರು ಹೇಳುತ್ತಾರೆ. ಕೆಲಸ ಹುಡುಕುತ್ತಿರುವ ಮಗಳಿರುವ ಅಪ್ಪ ಅಮ್ಮಂದಿರೂ ಆತಂಕದಿಂದ ಹೇಳುತ್ತಾರೆ.

ಹಾಗಾದರೆ ಇದು ನಿಜವೇ? ಅರ್ಧ ನಿಜ. ಮಾಲೀಕರು ಹಿಂಜರಿಯುತ್ತಾರೆ ಎಂಬುದು ಸುಳ್ಳಲ್ಲ. ಆದರೆ ಅದಕ್ಕೆ ಕಾರಣ ರಜೆಯ ಉದ್ದ ಎಂದು ನಾವು ತೀರ್ಮಾನಿಸಿಬಿಡುತ್ತೇವಲ್ಲ, ತಪ್ಪಿರುವುದು ಅಲ್ಲಿ. ರಜೆಯ ಖರ್ಚು ಯಾರ ಜೇಬಿನಿಂದ ಹೋಗುತ್ತದೆ, ಮಗು ಹುಟ್ಟಿದಾಗ ರಜೆ ಹಾಕುವವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಕೇಳಿಕೊಂಡರೆ ಚಿತ್ರ ಬೇರೆಯದೇ ಆಗಿ ಕಾಣುತ್ತದೆ. ಬನ್ನಿ, ಒಂದೊಂದಾಗಿ ನೋಡೋಣ.

ಮೊದಲು, ಅಷ್ಟು ದಿನ ಯಾಕೆ ಬೇಕು?

‘ರಜೆ’ ಎಂಬ ಪದವೇ ಸ್ವಲ್ಪ ದಾರಿ ತಪ್ಪಿಸುತ್ತದೆ. ರಜೆ ಎಂದರೆ ನಮ್ಮ ಮನಸ್ಸಿಗೆ ಬರುವುದು ವಿಶ್ರಾಂತಿ, ಪ್ರವಾಸ, ಮಧ್ಯಾಹ್ನದ ನಿದ್ದೆ. ಎರಡು ಮೂರು ಗಂಟೆಗೊಮ್ಮೆ ಹಾಲೂಡಿಸುತ್ತಾ, ರಾತ್ರಿ ನಾಲ್ಕು ಸಲ ಏಳುತ್ತಾ, ಹೊಲಿಗೆಯ ನೋವಿನಲ್ಲಿ ಎದ್ದು ಕೂರಲು ಒದ್ದಾಡುವವರ ಸ್ಥಿತಿಗೂ ಈ ಪದಕ್ಕೂ ಸಂಬಂಧವಿಲ್ಲ.

ಹಿಗ್ಗಿದ ಗರ್ಭಕೋಶ ಮೊದಲಿನ ಗಾತ್ರಕ್ಕೆ ಮರಳಲು ಸುಮಾರು ಆರು ವಾರ ಬೇಕು. ಅದು ಶರೀರದ ಕನಿಷ್ಠ ಲೆಕ್ಕ. ಮಗುವಿನ ಲೆಕ್ಕ ಬೇರೆ. ಮೊದಲ ಆರು ತಿಂಗಳು ತಾಯಿಯ ಹಾಲು ಮಾತ್ರ ಸಾಕು, ನೀರೂ ಬೇಡ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. 26 ವಾರ ಎಂದರೆ ಬಹುತೇಕ ಆರು ತಿಂಗಳು. ಇದು ಕಾಕತಾಳೀಯವಲ್ಲ.

ಇನ್ನು ಮನಸ್ಸಿನ ಲೆಕ್ಕ. ಭಾರತದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಹೆರಿಗೆಯ ನಂತರ ನೂರರಲ್ಲಿ ಸುಮಾರು 22 ತಾಯಂದಿರು ಖಿನ್ನತೆಗೆ ಒಳಗಾಗುತ್ತಾರೆ. ಐವರಲ್ಲಿ ಒಬ್ಬರಿಗಿಂತ ಹೆಚ್ಚು! ‘ಮಗು ಆದ ಖುಷಿಯಲ್ಲಿ ಅಳು ಎಂಥದ್ದು’ ಎಂದು ಗದರಿ ಮುಗಿಸುವ ವಿಷಯವಲ್ಲ ಇದು.

ರಜೆಗೂ ಮಗುವಿನ ಉಳಿವಿಗೂ ನೇರ ನಂಟಿದೆಯೇ ಎಂದು ಹುಡುಕಿದವರೂ ಇದ್ದಾರೆ. 20 ಕೆಳ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 2000ದಿಂದ 2008ರವರೆಗಿನ ಜನನಗಳ ಮಾಹಿತಿಯನ್ನು ಪರಿಶೀಲಿಸಿದ ಅಧ್ಯಯನವೊಂದು 2016ರಲ್ಲಿ ‘ಪ್ಲಾಸ್ ಮೆಡಿಸಿನ್’ನಲ್ಲಿ ಬಂತು. ಸಂಬಳ ಸಹಿತ ಹೆರಿಗೆ ರಜೆ ಒಂದು ತಿಂಗಳು ಹೆಚ್ಚಾದಾಗ, ಹುಟ್ಟಿದ ಪ್ರತಿ ಸಾವಿರ ಮಕ್ಕಳಿಗೆ ಶಿಶುಮರಣ ಸುಮಾರು 8ರಷ್ಟು ಇಳಿದಿತ್ತು. ಶೇಕಡಾವಾರು ನೋಡಿದರೆ 13ರ ಇಳಿಕೆ. ಈ ಇಳಿಕೆ ಹೆಚ್ಚಾಗಿ ಕಂಡದ್ದು ಮೊದಲ ತಿಂಗಳು ಕಳೆದ ನಂತರ, ಅಂದರೆ ಹಾಲುಣಿಸುವಿಕೆ, ಲಸಿಕೆ, ಜ್ವರ ಬಂದಾಗ ಕೂಡಲೇ ಆಸ್ಪತ್ರೆಗೆ ಒಯ್ಯುವುದು ಇವೆಲ್ಲ ಫಲ ಕೊಡುವ ಅವಧಿಯಲ್ಲಿ. ಇಂಥ ಅಧ್ಯಯನಗಳಲ್ಲಿ ರಜೆಯ ಪಾಲೆಷ್ಟು, ಬೇರೆ ಬದಲಾವಣೆಗಳ ಪಾಲೆಷ್ಟು ಎಂದು ಪೂರ್ತಿ ಬಿಡಿಸಿ ಹೇಳುವುದು ಕಷ್ಟ ಎಂಬುದನ್ನೂ ನೆನಪಿಡಬೇಕು. ಆದರೂ ದಿಕ್ಕು ಸ್ಪಷ್ಟವಾಗಿದೆ.

ಇಲ್ಲೊಂದು ಅಡ್ಡಮಾತು. ‘ನಮ್ಮಜ್ಜಿ ಹೆತ್ತ ಮೂರನೇ ದಿನಕ್ಕೆ ಗದ್ದೆಗೆ ಹೋಗಿದ್ದಳು, ಈಗಿನವರಿಗೇನು?’ ಎನ್ನುವ ವಾದ ನಮ್ಮಲ್ಲಿ ಜನಪ್ರಿಯ. ಹಾಗೆ ಹೋದ ಅಜ್ಜಿಯಂದಿರು ಇದ್ದದ್ದು ಹೌದು. ಬೇರೆ ದಾರಿಯಿಲ್ಲದೆ ಹೋದರು. ಸ್ವಲ್ಪ ಅನುಕೂಲವಿದ್ದ ಮನೆಗಳಲ್ಲಿ ಬಾಣಂತನ ಎಂಬ ವ್ಯವಸ್ಥೆ ಇತ್ತು. ಮೊದಲ ಹೆರಿಗೆ ತವರಿನಲ್ಲಿ, ಆಮೇಲೆ ಮೂರು ತಿಂಗಳೋ ಐದು ತಿಂಗಳೋ ಅಲ್ಲೇ. ಅಮ್ಮ ಅಡುಗೆ ನೋಡಿಕೊಳ್ಳುತ್ತಿದ್ದಳು, ಎಣ್ಣೆ ನೀರು ಹಾಕಲು ಇನ್ನೊಬ್ಬರು, ಬಟ್ಟೆ ಒಗೆಯಲು ಮತ್ತೊಬ್ಬರು. ಗಾಳಿಯಾಡದ ಕೋಣೆ, ನೀರು ಕುಡಿಯಬಾರದು ಎಂಬಂಥ ಬಾಣಂತನದ ಕೆಲವು ಕಟ್ಟುಪಾಡುಗಳನ್ನು ವೈದ್ಯರು ಒಪ್ಪುವುದಿಲ್ಲ. ಆದರೆ ಅದರ ತಿರುಳು ಸರಿಯಾಗಿಯೇ ಇತ್ತು: ಹೆತ್ತವಳ ಕೆಲಸವನ್ನು ಕೆಲವು ತಿಂಗಳು ಬೇರೆಯವರು ಹಂಚಿಕೊಂಡು ಮಾಡಬೇಕು. ಹೆರಿಗೆ ರಜೆ ಪಶ್ಚಿಮದಿಂದ ಬಂದ ಶೋಕಿ ಎನ್ನುವವರು ಇದನ್ನು ಮರೆತಂತಿದೆ. ಅಮೆರಿಕದಲ್ಲಿ ದೇಶಕ್ಕೆಲ್ಲ ಅನ್ವಯವಾಗುವ ಸಂಬಳ ಸಹಿತ ಹೆರಿಗೆ ರಜೆಯೇ ಇಲ್ಲ. 1993ರ ಅಲ್ಲಿನ ಕಾನೂನು ಕೊಡುವುದು 12 ವಾರ, ಅದೂ ಸಂಬಳವಿಲ್ಲದೆ, ಅದೂ ಎಲ್ಲರಿಗಲ್ಲ. ಬೆಂಗಳೂರು, ಮೈಸೂರು, ಶಿವಮೊಗ್ಗದ ಎಷ್ಟೋ ಅಮ್ಮಂದಿರು ಮೆಂತ್ಯದ ಹಿಟ್ಟು, ಬಾಣಂತಿ ಲೇಹ್ಯ ಕಟ್ಟಿಕೊಂಡು ಆರು ತಿಂಗಳ ವೀಸಾದಲ್ಲಿ ವಿಮಾನ ಹತ್ತುವುದು ಸುಮ್ಮನೆ ಅಲ್ಲ. ಒಂದು ದೇಶದ ಕಾನೂನಿನಲ್ಲಿರುವ ತೂತನ್ನು ನಮ್ಮ ಅಮ್ಮಂದಿರು ಮುಚ್ಚುತ್ತಿದ್ದಾರೆ.

ಖರ್ಚು ಯಾರದ್ದು?

ಈಗ ಮುಖ್ಯ ಪ್ರಶ್ನೆಗೆ ಬರೋಣ. ಒಂದು ಸಣ್ಣ ಲೆಕ್ಕ ಹಾಕೋಣ.

ಒಂದು ಸಂಸ್ಥೆಯಲ್ಲಿ ಇಬ್ಬರು ಮಹಿಳೆಯರಿದ್ದಾರೆ ಎಂದುಕೊಳ್ಳಿ. ಒಬ್ಬರಿಗೆ ತಿಂಗಳಿಗೆ 20,000 ರೂಪಾಯಿ ಸಂಬಳ, ಇನ್ನೊಬ್ಬರಿಗೆ 30,000. ಇಬ್ಬರೂ ಗರ್ಭಿಣಿಯರು. ಇವರಲ್ಲಿ ಯಾರ ರಜೆಯಿಂದ ಮಾಲೀಕರಿಗೆ ಹೆಚ್ಚು ಹೊರೆ?

30,000ದವರದ್ದು ಒಂದೂವರೆ ಪಟ್ಟು ಎಂದು ನೀವು ಹೇಳಿದರೆ ಅದು ತಪ್ಪು. 20,000ದವರ ಹೆರಿಗೆ ರಜೆಯ ಸಂಬಳಕ್ಕಾಗಿ ಮಾಲೀಕರು ಒಂದು ರೂಪಾಯಿಯನ್ನೂ ಕೊಡಬೇಕಿಲ್ಲ. 30,000ದವರಿಗೆ ಆರು ತಿಂಗಳಿಗೆ ಸುಮಾರು 1,80,000 ರೂಪಾಯಿ ತಾವೇ ಕೊಡಬೇಕು.

ಇದು ಹೇಗೆ? ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರು ಇಎಸ್‌ಐ ವ್ಯಾಪ್ತಿಗೆ ಬರುತ್ತಾರೆ. ಸಂಬಳದ 3.25% ಮಾಲೀಕರು, 0.75% ನೌಕರರು ಪ್ರತಿ ತಿಂಗಳು ಕಟ್ಟುತ್ತಾರೆ. 20,000ಕ್ಕೆ ಮಾಲೀಕರ ಪಾಲು 650 ರೂಪಾಯಿ, ನೌಕರರದ್ದು 150. ಹೆರಿಗೆಯ 26 ವಾರಗಳ ಸಂಬಳ ಬರುವುದು ಈ ನಿಧಿಯಿಂದ. ಗಮನಿಸಬೇಕಾದ್ದು ಏನೆಂದರೆ, ಪಕ್ಕದ ಕುರ್ಚಿಯಲ್ಲಿರುವ ಗಂಡಸಿನ ಹೆಸರಿನಲ್ಲೂ ಮಾಲೀಕರು ಅದೇ 650 ಕಟ್ಟುತ್ತಾರೆ. ಹೆಣ್ಣು ಬಿಟ್ಟು ಗಂಡನ್ನು ಕೆಲಸಕ್ಕೆ ತೆಗೆದುಕೊಂಡರೆ ಈ ಬಾಬತ್ತಿನಲ್ಲಿ ಉಳಿಯುವುದು ಏನೂ ಇಲ್ಲ.

21,000 ದಾಟಿದ ಕೂಡಲೇ ಆಟದ ನಿಯಮ ಬದಲಾಗುತ್ತದೆ. ಅಲ್ಲಿಂದ ಮೇಲೆ 1961ರ ಹೆರಿಗೆ ಸೌಲಭ್ಯ ಕಾಯ್ದೆಯ ನಿಯಮ. ಈಗ ಆ ಕಾಯ್ದೆಯನ್ನು 2020ರ ಸಾಮಾಜಿಕ ಭದ್ರತಾ ಸಂಹಿತೆ ಒಳಗೆ ಸೇರಿಸಿಕೊಂಡಿದೆ, ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹೆಸರು ಬದಲಾದರೂ ಈ ವಿಷಯದಲ್ಲಿ ಸಾರ ಅದೇ: ಪೂರ್ತಿ ಸಂಬಳವನ್ನು ಆಯಾ ಮಾಲೀಕರೇ ಕೊಡಬೇಕು. ಸಾವಿರಾರು ಜನ ಇರುವ ಐಟಿ ಕಂಪನಿಗೆ ಇದು ದೊಡ್ಡ ವಿಷಯವಲ್ಲ. ಹನ್ನೆರಡು ಜನರ ಸಂಸ್ಥೆಯಲ್ಲಿ ಒಂದೇ ವರ್ಷ ಇಬ್ಬರಿಗೆ ಹೆರಿಗೆಯಾದರೆ ಲಾಭವೆಲ್ಲ ಅಲ್ಲಿಗೆ ಹೋಗಬಹುದು. ಆಗ ಇಂಟರ್‌ವ್ಯೂನಲ್ಲಿ ‘ಮದುವೆ ಆಗಿದೆಯಾ? ಯಾವಾಗ ಆಗ್ತೀರಿ?’ ಎಂಬ ಪ್ರಶ್ನೆಗಳು ಮೆಲ್ಲಗೆ ತಲೆ ಹಾಕುತ್ತವೆ. ಕೇಳದೆ ಮನಸ್ಸಿನಲ್ಲೇ ಲೆಕ್ಕ ಹಾಕಿ ‘ಆಮೇಲೆ ತಿಳಿಸ್ತೀವಿ’ ಎನ್ನುವವರೂ ಇದ್ದಾರೆ.

ನಮಗೆ ಇದರಲ್ಲಿ ವಿಚಿತ್ರ ಎನಿಸುವುದು ಇಷ್ಟು: ಸಂಬಳ 20,500ರಿಂದ 21,500ಕ್ಕೆ ಏರಿದ ಒಬ್ಬ ಹೆಣ್ಣುಮಗಳು ಆ ಬಡ್ತಿಯಿಂದಲೇ ಮಾಲೀಕರ ಕಣ್ಣಿಗೆ ದುಬಾರಿಯಾಗಿಬಿಡುತ್ತಾಳೆ. ಕಾನೂನು ಯಾರನ್ನೂ ಹೀಗೆ ಶಿಕ್ಷಿಸಲು ಹೊರಟದ್ದಲ್ಲ. ಆದರೆ ಗೆರೆ ಬಿದ್ದಿರುವುದು ಹಾಗೆ.

ಇದು ಹೊಸದಾಗಿ ಕಂಡುಹಿಡಿದ ಸಮಸ್ಯೆಯೂ ಅಲ್ಲ. 1919ರಲ್ಲೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹೆರಿಗೆ ರಕ್ಷಣೆಯ ಮೊದಲ ಒಪ್ಪಂದದಲ್ಲಿ, ಹಣ ಸರ್ಕಾರದ ಬೊಕ್ಕಸದಿಂದಲೋ ವಿಮೆಯಿಂದಲೋ ಬರಬೇಕು ಎಂದು ಬರೆದಿತ್ತು. 1928ರಲ್ಲಿ ಬಾಂಬೆ ಶಾಸನ ಪರಿಷತ್ತಿನಲ್ಲಿ ಹೆರಿಗೆ ಸೌಲಭ್ಯದ ಮಸೂದೆ ಚರ್ಚೆಗೆ ಬಂದಾಗ ಡಾ. ಬಿ.ಆರ್. ಅಂಬೇಡ್ಕರ್ ಅದನ್ನು ಬೆಂಬಲಿಸಿ ಮಾತಾಡಿದರು. ಹೆರಿಗೆಗೆ ಮುಂಚೆ ಮತ್ತು ನಂತರ ತಾಯಿಗೆ ವಿಶ್ರಾಂತಿ ಸಿಗುವುದು ದೇಶದ ಹಿತ, ಹಾಗಾಗಿ ಹೊರೆಯ ದೊಡ್ಡ ಪಾಲನ್ನು ಸರ್ಕಾರ ಹೊರಬೇಕು, ಅವಳ ದುಡಿಮೆಯಿಂದ ಲಾಭ ಪಡೆಯುವ ಮಾಲೀಕರೂ ಪೂರ್ತಿ ತಪ್ಪಿಸಿಕೊಳ್ಳುವಂತಿಲ್ಲ ಎಂಬುದು ಅವರ ವಾದದ ಸಾರ. 1929ರಲ್ಲಿ ಕಾಯ್ದೆ ಬಂತು, ಹೊರೆ ಮಾತ್ರ ಕಾರ್ಖಾನೆ ಮಾಲೀಕರ ಮೇಲೆ ಬಿತ್ತು. 1961ರ ಕಾಯ್ದೆಯೂ ಅದೇ ಜಾಡಿನಲ್ಲಿ ಸಾಗಿತು. 2000ದಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ತನ್ನ ಹೊಸ ಒಪ್ಪಂದದಲ್ಲಿ, ಮಾಲೀಕರೊಬ್ಬರನ್ನೇ ನೇರ ಖರ್ಚಿಗೆ ಹೊಣೆ ಮಾಡುವುದರಿಂದ ಮಹಿಳೆಯರ ನೇಮಕಾತಿಗೆ ಪೆಟ್ಟು ಬೀಳುತ್ತದೆ ಎಂಬ ಕಾರಣಕ್ಕೆ ಅದನ್ನು ತಪ್ಪಿಸಲು ಹೇಳಿತು. ಭಾರತ ಆ ಒಪ್ಪಂದಕ್ಕೆ ಅನುಮೋದನೆ ಕೊಟ್ಟಿಲ್ಲ. 2017ರಲ್ಲಿ ವಾರಗಳು ಹೆಚ್ಚಾದವು, ಕೊಡುವ ಜೇಬು ಬದಲಾಗಲಿಲ್ಲ. 2018ರಲ್ಲಿ ಕೇಂದ್ರ ಕಾರ್ಮಿಕ ಸಚಿವಾಲಯ, 15,000 ರೂಪಾಯಿವರೆಗೆ ಸಂಬಳ ಇರುವ ಮಹಿಳೆಯರ ವಿಷಯದಲ್ಲಿ ಏಳು ವಾರಗಳ ಸಂಬಳವನ್ನು ಮಾಲೀಕರಿಗೆ ಹಿಂದಿರುಗಿಸುವ ಯೋಜನೆಯೊಂದನ್ನು ಮುಂದಿಟ್ಟಿತ್ತು. ಸಮಸ್ಯೆ ಇದೆ ಎಂದು ಸರ್ಕಾರಕ್ಕೂ ಗೊತ್ತಿತ್ತು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಹಾಗಾದರೆ 26 ವಾರ ಬಂದ ಮೇಲೆ ನಿಜವಾಗಿ ಎಷ್ಟು ಮಹಿಳೆಯರು ಕೆಲಸ ಕಳೆದುಕೊಂಡರು? 2018ರಲ್ಲಿ ಟೀಮ್‌ಲೀಸ್ ಎಂಬ ನೇಮಕಾತಿ ಸಂಸ್ಥೆ, ಹತ್ತು ವಲಯಗಳಲ್ಲಿ 11ರಿಂದ 18 ಲಕ್ಷ ಮಹಿಳೆಯರ ಉದ್ಯೋಗಕ್ಕೆ ಕುತ್ತು ಬರಬಹುದು ಎಂದು ಅಂದಾಜಿಸಿತು. ಪತ್ರಿಕೆಗಳಲ್ಲಿ ಅದೇ ಸಂಖ್ಯೆ ಮತ್ತೆ ಮತ್ತೆ ಬಂತು. ಅದು ಮಾಲೀಕರ ಅಭಿಪ್ರಾಯ ಕೇಳಿ ಮಾಡಿದ ಅಂದಾಜು, ಕೆಲಸ ಹೋದವರನ್ನು ಎಣಿಸಿದ್ದಲ್ಲ. ಇತ್ತ, ಸರ್ಕಾರದ ಕಾರ್ಮಿಕ ಸಮೀಕ್ಷೆಯಲ್ಲಿ ದುಡಿಯುವ ಮಹಿಳೆಯರ ಪ್ರಮಾಣ 2017-18ರಲ್ಲಿ 23.3% ಇದ್ದದ್ದು 2023-24ಕ್ಕೆ 41.7% ಆಗಿದೆ. ‘ನೋಡಿ, ಏನೂ ಆಗಿಲ್ಲ’ ಎಂದು ಇದನ್ನು ತೋರಿಸುವವರೂ ಇದ್ದಾರೆ. ಅದೂ ಸರಿಯಲ್ಲ, ಯಾಕೆಂದರೆ ಈ ದುಡಿಯುವ ಮಹಿಳೆಯರಲ್ಲಿ ಸುಮಾರು 67% ಸ್ವಂತ ಹೊಲ, ಸ್ವಂತ ಅಂಗಡಿ, ಮನೆಯ ಕಸುಬಿನಲ್ಲಿ ಇರುವವರು. ಅವರಿಗೆ ಮಾಲೀಕರೂ ಇಲ್ಲ, ರಜೆಯೂ ಇಲ್ಲ. ಎರಡೂ ಕಡೆಯವರು ತಮಗೆ ಬೇಕಾದ ಅಂಕಿ ಹಿಡಿದು ಜಗ್ಗಾಡುತ್ತಿದ್ದಾರೆ ಎಂಬುದು ನಮ್ಮ ಅಭಿಪ್ರಾಯ.

ಅಪ್ಪನಿಗೆ ಎಷ್ಟು ದಿನ?

ಖರ್ಚನ್ನು ನಿಧಿಗೆ ವರ್ಗಾಯಿಸಿದರೆ ಅರ್ಧ ಸಮಸ್ಯೆ ತೀರುತ್ತದೆ. ಉಳಿದರ್ಧ ಗೈರುಹಾಜರಿ. ಸಂಬಳ ಯಾರೇ ಕೊಡಲಿ, ಆರು ತಿಂಗಳು ಆ ಕುರ್ಚಿ ಖಾಲಿ. ಬೇರೆಯವರನ್ನು ಹುಡುಕಿ ಕೆಲಸ ಕಲಿಸಬೇಕು. ಎಲ್ಲಿಯವರೆಗೆ ಖಾಲಿಯಾಗುವುದು ಹೆಣ್ಣುಮಕ್ಕಳ ಕುರ್ಚಿ ಮಾತ್ರವೋ ಅಲ್ಲಿಯವರೆಗೆ ಮಾಲೀಕರ ಲೆಕ್ಕಾಚಾರ ತಪ್ಪುವುದಿಲ್ಲ.

ನಮ್ಮಲ್ಲಿ ಕೇಂದ್ರ ಸರ್ಕಾರಿ ನೌಕರನಿಗೆ 15 ದಿನ ಪಿತೃತ್ವ ರಜೆ ಇದೆ. ಸಿಕ್ಕಿಂ ಸರ್ಕಾರ 2023ರಲ್ಲಿ ತನ್ನ ನೌಕರರಿಗೆ ತಾಯಿಗೆ ಒಂದು ವರ್ಷ, ತಂದೆಗೆ ಒಂದು ತಿಂಗಳು ಎಂದು ಘೋಷಿಸಿತು. ಖಾಸಗಿ ವಲಯದ ಅಪ್ಪನಿಗೆ ಕಾನೂನಿನಲ್ಲಿ ಒಂದು ದಿನವೂ ಇಲ್ಲ. 2017ರಲ್ಲಿ ಲೋಕಸಭೆಯಲ್ಲಿ ಸದಸ್ಯ ರಾಜೀವ್ ಸಾತವ್ ಪಿತೃತ್ವ ಸೌಲಭ್ಯದ ಖಾಸಗಿ ಮಸೂದೆ ಮಂಡಿಸಿದ್ದರು, ಕಾನೂನಾಗಲಿಲ್ಲ. ಕೆಲವು ಕಂಪನಿಗಳು ತಾವಾಗಿಯೇ ಕೊಡುತ್ತವೆ. ಜೊಮ್ಯಾಟೊ 2019ರಲ್ಲಿ ತಾಯಿ ತಂದೆ ಇಬ್ಬರಿಗೂ 26 ವಾರ ಎಂದಾಗ ಸುದ್ದಿಯಾಗಿತ್ತು. ಸುದ್ದಿಯಾದದ್ದೇ ಅದು ಎಷ್ಟು ಅಪರೂಪ ಎಂಬುದಕ್ಕೆ ಗುರುತು.

‘ಗಂಡಸರಿಗೆ ರಜೆ ಕೊಟ್ಟರೆ ಮಗು ನೋಡ್ಕೋತಾರಾ? ಟಿವಿ ಮುಂದೆ ಕೂರ್ತಾರೆ’ ಎನ್ನುವುದು ಇಲ್ಲಿ ಬರುವ ಮುಂದಿನ ಮಾತು. ಹೆಂಗಸರೇ ಹೆಚ್ಚಾಗಿ ಹೇಳುವ ಮಾತು, ಅವರ ಅನುಭವವೂ ಹಾಗೇ ಇದೆ. 2024ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯಲ್ಲಿ ಮನೆಗೆಲಸ ಮಾಡುವ ಮಹಿಳೆಯರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಟ್ಟರೆ, ಮನೆಗೆಲಸ ಮಾಡುವ ಗಂಡಸರು ಕೊಟ್ಟದ್ದು 88 ನಿಮಿಷ. ಏನೂ ಮಾಡದವರು ಈ ಸರಾಸರಿಯಲ್ಲಿ ಇಲ್ಲವೇ ಇಲ್ಲ, ನೆನಪಿರಲಿ.

ಆದರೆ ‘ಗಂಡಸಿಗೆ ಅದು ಹುಟ್ಟುಗುಣದಲ್ಲೇ ಬರಲ್ಲ’ ಎನ್ನುವುದಕ್ಕೆ ವಿಜ್ಞಾನದ ಬೆಂಬಲ ಇಲ್ಲ. ಫಿಲಿಪೀನ್ಸ್‌ನ ಸೆಬು ನಗರದಲ್ಲಿ 624 ಯುವಕರನ್ನು ಸುಮಾರು ನಾಲ್ಕೂವರೆ ವರ್ಷ ಹಿಂಬಾಲಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಅಪ್ಪಂದಿರಾದವರಲ್ಲಿ ಟೆಸ್ಟೋಸ್ಟಿರೋನ್ ಹಾರ್ಮೋನಿನ ಮಟ್ಟ ಗಣನೀಯವಾಗಿ ಇಳಿದಿತ್ತು. ದಿನಕ್ಕೆ ಮೂರು ಗಂಟೆ ಅಥವಾ ಹೆಚ್ಚು ಹೊತ್ತು ಮಗುವನ್ನು ನೋಡಿಕೊಳ್ಳುವವರಲ್ಲಿ ಅದು, ಮಗುವಿನ ಕೆಲಸಕ್ಕೆ ಕೈ ಹಾಕದ ಅಪ್ಪಂದಿರಿಗಿಂತ ಕಡಿಮೆ. (ಗಾಬರಿ ಬೇಡ, ಗಂಡಸುತನಕ್ಕೇನೂ ಧಕ್ಕೆಯಿಲ್ಲ!) ಇಸ್ರೇಲಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಮಗುವಿನ ಪೂರ್ಣ ಹೊಣೆ ಹೊತ್ತ ತಂದೆಯರ ಮೆದುಳಿನಲ್ಲಿ ತಾಯಂದಿರಲ್ಲಿ ಕಾಣುವಂಥದ್ದೇ ಚಟುವಟಿಕೆಯನ್ನು ಗುರುತಿಸಿತು. ಎತ್ತಿಕೊಂಡು, ಒರೆಸಿ, ಮಲಗಿಸಿ ಮಾಡುವ ಅಭ್ಯಾಸವೇ ದೇಹವನ್ನೂ ಮೆದುಳನ್ನೂ ಪಳಗಿಸುತ್ತದೆ. ಅಭ್ಯಾಸಕ್ಕೆ ಬೇಕಾದದ್ದು ಸಮಯ.

ಅಪ್ಪ ಮನೆಯಲ್ಲಿದ್ದರೆ ಅಮ್ಮನಿಗೇನು ಲಾಭ? ಸ್ವೀಡನ್‌ನಲ್ಲಿ 2012ರಲ್ಲಿ ಒಂದು ಸಣ್ಣ ತಿದ್ದುಪಡಿಯಾಯಿತು. ಅಲ್ಲಿಯವರೆಗೆ ತಾಯಿ ರಜೆಯಲ್ಲಿದ್ದಾಗ ತಂದೆ ಸಾಮಾನ್ಯವಾಗಿ ಅದೇ ಹೊತ್ತಿಗೆ ಸಂಬಳದ ರಜೆ ಹಾಕುವಂತಿರಲಿಲ್ಲ. ಮಗುವಿನ ಮೊದಲ ವರ್ಷದಲ್ಲಿ 30 ದಿನಗಳವರೆಗೆ ಇಬ್ಬರೂ ಒಟ್ಟಿಗೆ ಹಾಕಬಹುದು, ಬೇಕೆಂದ ದಿನ ಹಾಕಬಹುದು ಎಂದು ಬದಲಾಯಿಸಿದರು. ಸ್ಟ್ಯಾನ್‌ಫರ್ಡ್‌ನ ಪೆಟ್ರಾ ಪರ್ಸನ್ ಮತ್ತು ಮಾಯಾ ರಾಸಿನ್-ಸ್ಲೇಟರ್ ಇದರ ಪರಿಣಾಮ ಅಳೆದರು. ಹೆರಿಗೆಯ ಮೊದಲ ಆರು ತಿಂಗಳಲ್ಲಿ ತಾಯಂದಿರಿಗೆ ಬರೆದುಕೊಟ್ಟ ಆತಂಕ ನಿವಾರಕ ಔಷಧಿಗಳ ಪ್ರಮಾಣ 26% ಇಳಿದಿತ್ತು. ಹೆರಿಗೆ ಸಂಬಂಧಿ ತೊಂದರೆಗಳಿಗಾಗಿ ಆಸ್ಪತ್ರೆಗೆ ಹೋಗುವುದು, ಆಂಟಿಬಯೋಟಿಕ್ ಬೇಕಾಗುವುದು ಎರಡೂ ಕಡಿಮೆಯಾಗಿದ್ದವು. ಹಾಗಂತ ಅಪ್ಪಂದಿರು ತಿಂಗಳುಗಟ್ಟಲೆ ಮನೆಯಲ್ಲಿ ಕೂತಿರಲಿಲ್ಲ, ಹೆಚ್ಚುವರಿಯಾಗಿ ಹಾಕಿದ್ದು ಕೆಲವೇ ದಿನ. ಅಮ್ಮನಿಗೆ ಮೈ ಬಿಸಿಯಾದ ದಿನ, ಎದೆ ಗಟ್ಟಿಯಾಗಿ ನೋವಾದ ದಿನ, ಮಗು ರಾತ್ರಿಯಿಡೀ ಅತ್ತ ಮಾರನೇ ದಿನ, ‘ಇವತ್ತು ನಾನು ಇರ್ತೀನಿ’ ಎನ್ನಲು ಸಾಧ್ಯವಾದದ್ದೇ ಇಷ್ಟೆಲ್ಲ ಮಾಡಿತು.

ಕಾನೂನಿನಲ್ಲಿ ಕೊಟ್ಟ ಮಾತ್ರಕ್ಕೆ ಗಂಡಸರು ರಜೆ ಹಾಕುತ್ತಾರೆಯೇ? ಜಪಾನ್ ನೋಡಿ. ಅಪ್ಪಂದಿರಿಗೆ ಸಿಗುವ ರಜೆಯ ಲೆಕ್ಕದಲ್ಲಿ ಶ್ರೀಮಂತ ದೇಶಗಳಲ್ಲೇ ಅದು ಮೊದಲು ಎಂದು ಯುನಿಸೆಫ್ 2019ರಲ್ಲಿ ಹೇಳಿತ್ತು. ಹಾಕಿದವರು ಎಷ್ಟು? 2012ರಲ್ಲಿ 1.89%. ನೂರರಲ್ಲಿ ಇಬ್ಬರೂ ಇಲ್ಲ! ಬಾಸ್ ಏನೆಂದುಕೊಳ್ಳುತ್ತಾರೋ, ಬಡ್ತಿ ತಪ್ಪುತ್ತದೋ ಎಂಬ ಅಳುಕು. 2022ರಿಂದ ಜಪಾನ್ ನಿಯಮ ಬಿಗಿ ಮಾಡಿತು. ಮಗುವಾಗುವ ಪ್ರತಿ ನೌಕರನನ್ನೂ ‘ರಜೆ ಬೇಕೇ?’ ಎಂದು ಕಂಪನಿಯೇ ಕೇಳಬೇಕು. ಸಾವಿರಕ್ಕಿಂತ ಹೆಚ್ಚು ನೌಕರರಿರುವ ಕಂಪನಿಗಳು ಎಷ್ಟು ಅಪ್ಪಂದಿರು ರಜೆ ಹಾಕಿದರು ಎಂದು ಪ್ರಕಟಿಸಬೇಕು ಎಂಬ ನಿಯಮವೂ 2023ರಲ್ಲಿ ಬಂತು. 2022ರಲ್ಲಿ 17.13% ಇದ್ದದ್ದು ಮರುವರ್ಷ 30.1% ಆಯಿತು.

ನಾರ್ವೆಯದ್ದು ಇನ್ನೂ ಸರಳ ಉಪಾಯ. 1993ರಲ್ಲಿ ನಾಲ್ಕು ವಾರಗಳನ್ನು ಅಪ್ಪನಿಗೆಂದೇ ಮೀಸಲಿಟ್ಟರು. ಅವನು ಹಾಕದಿದ್ದರೆ ಕುಟುಂಬಕ್ಕೆ ಆ ನಾಲ್ಕು ವಾರ ಹೋಯಿತು, ಅಮ್ಮನಿಗೂ ಸಿಗುವುದಿಲ್ಲ. ಅದಕ್ಕೆ ಮುಂಚೆ ಸುಮಾರು 3% ಅಪ್ಪಂದಿರು ರಜೆ ಹಾಕುತ್ತಿದ್ದರು. ಬಂದ ಕೂಡಲೇ ಅದು 35%ರ ಆಸುಪಾಸಿಗೆ ಹಾರಿತು, 2006ರ ಹೊತ್ತಿಗೆ 70% ತಲುಪಿತು. ಇದು ಹರಡಿದ್ದು ಹೇಗೆ ಎಂದು 2014ರಲ್ಲಿ ಮೂವರು ಅರ್ಥಶಾಸ್ತ್ರಜ್ಞರು ತೋರಿಸಿದರು. ಒಬ್ಬ ಸಹೋದ್ಯೋಗಿ ರಜೆ ಹಾಕಿದರೆ ಪಕ್ಕದವನು ಹಾಕುವ ಸಾಧ್ಯತೆ 11 ಶೇಕಡಾ ಅಂಶದಷ್ಟು ಏರುತ್ತದೆ, ಅಣ್ಣ ತಮ್ಮಂದಿರಲ್ಲಿ 15ರಷ್ಟು. ರಜೆ ಹಾಕಿದವನು ಮ್ಯಾನೇಜರ್ ಆಗಿದ್ದರೆ ಪ್ರಭಾವ ಇನ್ನೂ ಜಾಸ್ತಿ. ಮೊದಲನೆಯವನು ಹಾಕಿ, ಕೆಲಸ ಹೋಗದೆ ವಾಪಸ್ ಬಂದು ಕೂತದ್ದನ್ನು ನೋಡಿದ ಮೇಲೆ ಉಳಿದವರ ಅಳುಕು ಹೋಗುತ್ತದೆ.

ನಮ್ಮಲ್ಲೂ ಇಂಥದ್ದೊಂದು ಗಳಿಗೆ ಬಂದಿತ್ತು. 2020ರ ಡಿಸೆಂಬರಿನಲ್ಲಿ ಅಡಿಲೇಡ್ ಟೆಸ್ಟ್‌ನಲ್ಲಿ ಭಾರತ 36 ರನ್‌ಗೆ ಉರುಳಿದ ಬೆನ್ನಿಗೇ ನಾಯಕ ವಿರಾಟ್ ಕೊಹ್ಲಿ ಪಿತೃತ್ವ ರಜೆಯ ಮೇಲೆ ಊರಿಗೆ ಮರಳಿದರು. ದೇಶ ಮುಖ್ಯವೋ ಮಗು ಮುಖ್ಯವೋ ಎಂದು ವಾರಗಟ್ಟಲೆ ಜಗಳವಾಯಿತು. ಅವರಿಲ್ಲದೆಯೂ ಭಾರತ ಸರಣಿ ಗೆದ್ದಿತು ಎನ್ನುವುದು ಬೇರೆ ಮಾತು. 2025ರ ಮಾರ್ಚ್‌ನಲ್ಲಿ ನಮ್ಮ ಕೆ.ಎಲ್. ರಾಹುಲ್ ಮಗಳು ಹುಟ್ಟಿದ್ದಕ್ಕೆ ಐಪಿಎಲ್‌ನ ಮೊದಲ ಪಂದ್ಯ ಬಿಟ್ಟಾಗ ಬಂದದ್ದು ಹೆಚ್ಚಾಗಿ ಶುಭಾಶಯಗಳು.

ರಜೆ ಮುಗಿದ ಮೇಲೆ

ಹೆಚ್ಚಿನವರು ಕೆಲಸ ಬಿಡುವ ಯೋಚನೆ ಮಾಡುವುದು ರಜೆಯಲ್ಲಲ್ಲ, ರಜೆ ಮುಗಿದ ಮೇಲಿನ ಸೋಮವಾರ. ಏಳನೇ ತಿಂಗಳಿನ ಮಗುವನ್ನು ಯಾರ ಕೈಗೆ ಕೊಡುವುದು? 50 ಅಥವಾ ಹೆಚ್ಚು ನೌಕರರಿರುವ ಕಡೆ ಕ್ರೆಷ್ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗು ನೋಡಿ ಬರಬಹುದು ಎಂದು 2017ರ ತಿದ್ದುಪಡಿ ಹೇಳಿತು. ಕಾರ್ಖಾನೆಗಳಿಗೆ ಈ ನಿಯಮ ಹೊಸದಲ್ಲ. ಮೂವತ್ತಕ್ಕಿಂತ ಹೆಚ್ಚು ಮಹಿಳೆಯರಿದ್ದರೆ ಕ್ರೆಷ್ ಇರಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ಪೀಣ್ಯ, ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವ ತಾಯಂದಿರ ಪಾಲಿಗೆ ಕ್ರೆಷ್ ಇದೆಯೋ ಇಲ್ಲವೋ ಎಂಬುದು ಕೆಲಸ ಇದೆಯೋ ಇಲ್ಲವೋ ಎಂಬುದಕ್ಕೆ ಸಮ. ಬೆಂಗಳೂರಿನ ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ ಬಸ್ಸಿನಲ್ಲಿ ಮಗುವನ್ನು ಎತ್ತಿಕೊಂಡು ಬರುವುದಕ್ಕಿಂತ ಮನೆ ಹತ್ತಿರದ ಕ್ರೆಷ್ ಒಳ್ಳೆಯದಲ್ಲವೇ ಎಂಬ ಪ್ರಶ್ನೆಯೂ ಇದೆ, ಕಾನೂನು ಅದನ್ನು ಹೆಚ್ಚು ಯೋಚಿಸಿದಂತಿಲ್ಲ. ಹಳ್ಳಿಗಳ ಕಡೆ, ನರೇಗಾ ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಕರ್ನಾಟಕ ಸರ್ಕಾರ 2023ರ ಬಜೆಟ್‌ನಲ್ಲಿ ಹೇಳಿತು. ರಾಜ್ಯ ಸರ್ಕಾರಿ ಮಹಿಳಾ ನೌಕರರಿಗೆ ಹೆರಿಗೆ ರಜೆಯ ಮೇಲೆ ಇನ್ನೂ ಆರು ತಿಂಗಳ ಶಿಶುಪಾಲನಾ ರಜೆ 2021ರಲ್ಲಿ ಬಂತು. ಒಳ್ಳೆಯದೇ. ಆದರೆ ಹೆಸರು ಶಿಶುಪಾಲನಾ ರಜೆ, ಮಾಡಬೇಕಾದವಳು ತಾಯಿ ಎಂಬುದನ್ನು ಸರ್ಕಾರವೇ ಮುಂಚಿತವಾಗಿ ನಿರ್ಧರಿಸಿಬಿಟ್ಟಿದೆ.

ಅತ್ತೆಗೆ ಪಾರ್ಶ್ವವಾಯು ಹೊಡೆದರೆ, ಅಪ್ಪನಿಗೆ ಕಿಮೋಥೆರಪಿ ಶುರುವಾದರೆ ಹಾಕಲು ಖಾಸಗಿ ನೌಕರರಿಗೆ ಪ್ರತ್ಯೇಕ ರಜೆ ನಮ್ಮ ಕಾನೂನಿನಲ್ಲಿಲ್ಲ. ಜಪಾನಿನಲ್ಲಿ ಆರೈಕೆ ಬೇಕಾದ ಒಬ್ಬೊಬ್ಬ ಕುಟುಂಬ ಸದಸ್ಯರಿಗೆ 93 ದಿನ ಇದೆ, ಮೂರು ಕಂತಿನಲ್ಲಿ ಹಾಕಬಹುದು.

2025ರ ಅಕ್ಟೋಬರಿನಲ್ಲಿ ಕರ್ನಾಟಕ ಸಚಿವ ಸಂಪುಟ ಒಪ್ಪಿದ ಮುಟ್ಟಿನ ರಜೆಯ ಬಗ್ಗೆಯೂ ಇದೇ ವಾದ ಎದ್ದಿತು. ತಿಂಗಳಿಗೆ ಒಂದು ದಿನ, ವರ್ಷಕ್ಕೆ 12 ದಿನ, ಖಾಸಗಿ ವಲಯಕ್ಕೂ ಸೇರಿ. ಬಿಹಾರ ಸರ್ಕಾರ ತನ್ನ ನೌಕರರಿಗೆ 1992ರಿಂದಲೇ ತಿಂಗಳಿಗೆ ಎರಡು ದಿನ ಕೊಡುತ್ತಿದೆ. ನೋವು ನಿಜ, ರಜೆಯೂ ನ್ಯಾಯವೇ. ‘ಇದರಿಂದ ಹೆಣ್ಣುಮಕ್ಕಳನ್ನು ತೆಗೆದುಕೊಳ್ಳಲ್ಲ’ ಎನ್ನುವವರಿಗೆ ಉತ್ತರ ಹುಡುಕುವಾಗಲೂ ಕೇಳಬೇಕಾದ್ದು ಮತ್ತೆ ಅದೇ, ಆ 12 ದಿನಗಳ ಖರ್ಚು ಯಾರದ್ದು ಎಂದು.

ನಿಮಗೆ ಗೊತ್ತಿರಬೇಕಾದದ್ದು

ಹೆರಿಗೆ ನಿರೀಕ್ಷಿತ ದಿನಕ್ಕೆ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿದ್ದರೆ ಸಾಕು, ನೀವು ಅರ್ಹರು. ‘ಪ್ರೊಬೇಷನ್‌ನಲ್ಲಿದ್ದೀರಿ, ಕೊಡಲ್ಲ’ ಎಂದರೆ ಒಪ್ಪಬೇಕಿಲ್ಲ. ದಿನಗೂಲಿಯವರಿಗೂ ಈ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಗುತ್ತಿಗೆ ಅವಧಿ ರಜೆಯ ನಡುವೆ ಮುಗಿದರೂ ಸೌಲಭ್ಯ ಪೂರ್ತಿ ಕೊಡಬೇಕು ಎಂದು 2023ರಲ್ಲಿ ತೀರ್ಪಿತ್ತಿದೆ. 26 ವಾರಗಳಲ್ಲಿ ಹೆರಿಗೆಗೆ ಮುಂಚೆ ಹಾಕಬಹುದಾದದ್ದು ಹೆಚ್ಚೆಂದರೆ ಎಂಟು. ಎರಡು ಮಕ್ಕಳಿರುವವರಿಗೆ ಮೂರನೆಯ ಹೆರಿಗೆಗೆ 12 ವಾರ ಮಾತ್ರ. ಗರ್ಭಪಾತವಾದರೆ ಆರು ವಾರ ಸಂಬಳದ ರಜೆ ಇದೆ. ಇದು ಎಷ್ಟೋ ಜನರಿಗೆ ಗೊತ್ತೇ ಇಲ್ಲ, ಎರಡು ದಿನ ಜ್ವರ ಎಂದು ಹೇಳಿ ಮೂರನೇ ದಿನ ಕೆಲಸಕ್ಕೆ ಬಂದುಬಿಡುತ್ತಾರೆ. ಕೆಲಸಕ್ಕೆ ಮರಳಿದ ಮೇಲೆ ಮಗುವಿಗೆ 15 ತಿಂಗಳು ತುಂಬುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಸಿಗಬೇಕು. ಕೆಲಸದ ಸ್ವರೂಪ ಒಗ್ಗಿದರೆ ರಜೆಯ ನಂತರ ಮನೆಯಿಂದ ಕೆಲಸ ಮಾಡಲು ಇಬ್ಬರೂ ಮಾತಾಡಿಕೊಂಡು ಒಪ್ಪಿಕೊಳ್ಳಬಹುದು. ಹೆರಿಗೆ ರಜೆಯಲ್ಲಿದ್ದಾಗ ಕೆಲಸದಿಂದ ತೆಗೆಯುವುದು, ಕೆಲಸದ ಷರತ್ತುಗಳನ್ನು ಅನಾನುಕೂಲವಾಗಿ ಬದಲಾಯಿಸುವುದು ಕಾನೂನುಬಾಹಿರ. ಹತ್ತಕ್ಕಿಂತ ಕಡಿಮೆ ಜನರಿರುವ ಅಂಗಡಿ, ಆಫೀಸುಗಳಿಗೆ ಮಾತ್ರ ಈ ಕಾನೂನು ಸಾಮಾನ್ಯವಾಗಿ ತಟ್ಟುವುದಿಲ್ಲ.

ಕೆಲಸಕ್ಕೆ ಸೇರುವಾಗಲೇ ಹೆರಿಗೆ ಸೌಲಭ್ಯಗಳನ್ನೆಲ್ಲ ಮಾಲೀಕರು ಬರಹದಲ್ಲಿ ತಿಳಿಸಬೇಕು ಎಂದೂ ಇದೆ. ನಿಮ್ಮ ನೇಮಕಾತಿ ಪತ್ರ ತೆಗೆದು ನೋಡಿ. ಪೇ ಸ್ಲಿಪ್‌ನಲ್ಲಿ ಇಎಸ್‌ಐ ಎಂಬ ಸಾಲು ಇದೆಯೇ ಅದನ್ನೂ ನೋಡಿ. ಇದ್ದರೆ ರಜೆಯ ಸಂಬಳಕ್ಕಾಗಿ ನೀವು ಅರ್ಜಿ ಹಾಕಬೇಕಾದದ್ದು ಇಎಸ್‌ಐ ಶಾಖಾ ಕಚೇರಿಗೆ, ಇಲ್ಲದಿದ್ದರೆ ನಿಮ್ಮ ಮಾಲೀಕರಿಗೆ. ಅವರು ಕೊಡದಿದ್ದರೆ ದೂರು ಹೋಗಬೇಕಾದದ್ದು ಕಾರ್ಮಿಕ ಇಲಾಖೆಗೆ.